ನಿಷ್ಠಾವಂತ ಮನಸಬ್‌ದಾರ ಮೊಘಲರ ವಿರುದ್ಧ ತಿರುಗಿದ್ದೇಕೆ?

ಪ್ರಶ್ನೆ: ಅಕ್ಬರನ ಕಾಲದಿಂದಲೂ ಮೊಘಲರ ಸೇವೆಯಲ್ಲಿದ್ದ ಮನೆತನದ ಪಶ್ತೂನ್ ನಾಯಕ, ಮನಸಬ್‌ದಾರ (ಮೊಘಲರಿಂದ ದರ್ಜೆ ಪಡೆದ ಅಧಿಕಾರಿ) ಖುಷಾಲ್ ಖಾನ್ ಖಟಕ್ ಔರಂಗಜೇಬನ ವಿರುದ್ಧ ದಂಗೆಯೆದ್ದದ್ದೇಕೆ? ಇಬ್ಬರ ಧರ್ಮವೂ ಒಂದೇ ಆಗಿರಲಿಲ್ಲವೇ? ಆ ದಂಗೆ ಸೋತದ್ದು ಹೇಗೆ?

ಉತ್ತರ: ಧರ್ಮ ಇಲ್ಲಿ ನಿರ್ಣಾಯಕವಾಗಿರಲಿಲ್ಲ. ಸಿಂಧೂ ನದಿಯ ದಡದ ಅಟಕ್‌ನಿಂದ ಪೆಶಾವರದವರೆಗಿನ ಹೆದ್ದಾರಿಯನ್ನು ಕಾಯುವುದು, ಅದಕ್ಕೆ ಪ್ರತಿಯಾಗಿ ಸುಂಕ ಎತ್ತುವುದು ಖಟಕ್ ಬುಡಕಟ್ಟಿನ ನಾಯಕರಿಗೆ ಅಕ್ಬರನ ಕಾಲದಲ್ಲಿ ದೊರೆತ ಹಕ್ಕು. 1641ರಲ್ಲಿ ತಂದೆ ಶಹಬಾಜ್ ಖಾನ್ ಮತ್ತೊಂದು ಪಶ್ತೂನ್ ಬುಡಕಟ್ಟಾದ ಯೂಸುಫ್‌ಜೈಗಳೊಡನೆ ಕಾದಾಡಿ ಮಡಿದಾಗ ಖುಷಾಲನನ್ನು ನಾಯಕನೆಂದು ಮಾನ್ಯ ಮಾಡಿದವನು ಷಹಜಹಾನ್. ಹೀಗೆ ದಶಕಗಳ ಕಾಲ ದುಡಿದವನನ್ನು 1664ರಲ್ಲಿ ಪೆಶಾವರದಲ್ಲಿ ಹಿಡಿದು, ದೆಹಲಿಗೆ ಒಯ್ದು, ಬಳಿಕ ರಣಥಂಬೋರ್ ಕೋಟೆಯಲ್ಲಿ ಸೆರೆಯಿಟ್ಟರು. ಸ್ಥಳೀಯ ಅಧಿಕಾರಿಗಳ ಸಂಶಯಕ್ಕೆ ಅವನ ಬಂಧುಗಳ ಪಿತೂರಿಯೂ ಸೇರಿತ್ತು. ಸೇವೆಗೆ ಸಂದ ಈ ಅವಮಾನವೇ ಬಂಡಾಯದ ಬೇರು ಎಂಬುದು ನನ್ನ ದೃಢ ಅಭಿಪ್ರಾಯ. ಸೆರೆಯಲ್ಲಿ ಅವನು ಪಶ್ತೋದಲ್ಲಿ ಬರೆದ ಕವಿತೆಗಳಲ್ಲಿ ಆ ನೋವು ನೇರವಾಗಿ ಕಾಣುತ್ತದೆ.

ಆದರೂ ದಂಗೆಯನ್ನು ಆರಂಭಿಸಿದವನು ಖುಷಾಲನಲ್ಲ, ಖೈಬರ್ ಭಾಗದ ಪಶ್ತೂನ್ ಬುಡಕಟ್ಟಾದ ಆಫ್ರಿದಿಗಳ ನಾಯಕ ಅಕ್ಮಲ್ ಖಾನ್. 1672ರಲ್ಲಿ ಕಾಬೂಲಿನ ಮೊಘಲ್ ಸುಬೇದಾರ (ಪ್ರಾಂತಾಧಿಕಾರಿ) ಮುಹಮ್ಮದ್ ಅಮೀನ್ ಖಾನ್ ದೊಡ್ಡ ದಂಡಿನೊಡನೆ ಖೈಬರ್ ಕಣಿವೆಯನ್ನು ಹೊಕ್ಕಾಗ, ಆಫ್ರಿದಿಗಳು ಮೊದಲು ಮಾಡಿದ ಕೆಲಸ ನೀರಿನ ದಾರಿಯನ್ನು ಕಡಿದದ್ದು. ಬಾಯಾರಿ ಬಸವಳಿದ ಸೈನ್ಯದ ಮೇಲೆ ಇಕ್ಕೆಲದ ಗುಡ್ಡಗಳಿಂದ ಬಾಣಗಳೂ ಬಂಡೆಗಳೂ ಬಿದ್ದವು. ಸುಬೇದಾರ ಪ್ರಾಣ ಉಳಿಸಿಕೊಂಡು ಪೆಶಾವರಕ್ಕೆ ಓಡಿದನು, ಅವನ ಕುಟುಂಬದ ಹೆಂಗಸರು ಸೆರೆಯಾದರು. ಈ ಗೆಲುವಿನ ಬಳಿಕವೇ ಖುಷಾಲ್ ಬಹಿರಂಗವಾಗಿ ಅವರೊಡನೆ ಸೇರಿದನು. 1674ರ ಫೆಬ್ರವರಿಯ ಚಳಿಮಳೆಯಲ್ಲಿ ಕರಪಾ ಕಣಿವೆಯಲ್ಲಿ ಮೊಘಲ್ ಸೇನಾಪತಿ ಶುಜಾತ್ ಖಾನ್ ಹತನಾದಾಗ, ಔರಂಗಜೇಬನೇ ಹೊರಟು ಬಂದು ಅಟಕ್‌ಗೂ ಈಚೆಗಿನ ಹಸನ್ ಅಬ್ದಾಲ್‌ನಲ್ಲಿ ಸುಮಾರು ಒಂದೂವರೆ ವರ್ಷ ಬೀಡುಬಿಡಬೇಕಾಯಿತು.

ಅಲ್ಲಿಂದ ಮುಂದೆ ಕತ್ತಿಗಿಂತ ಹೆಚ್ಚು ಕೆಲಸ ಮಾಡಿದ್ದು ಹಣ. ವರ್ಷಾಶನ, ಜಾಗೀರು, ಹುದ್ದೆಗಳ ಮೂಲಕ ಒಂದೊಂದೇ ಬುಡಕಟ್ಟನ್ನು ಒಲಿಸಿಕೊಂಡರು. ಮೊಘಲರ ಪರವಾಗಿ ಖುಷಾಲ್ ಹಿಂದೆ ಯಾರ ಮೇಲೆ ಕತ್ತಿ ಎತ್ತಿದ್ದನೋ ಆ ಯೂಸುಫ್‌ಜೈಗಳು, ಅವನು ಸ್ವಾತ್‌ವರೆಗೆ ಹೋಗಿ ಬೇಡಿದರೂ ಒಗ್ಗೂಡಲಿಲ್ಲ. ಮಗ ಬಹರಾಮನಂತೂ ಮೊಘಲರ ಪಕ್ಷ ಹಿಡಿದು ತಂದೆಯ ವಿರುದ್ಧವೇ ನಿಂತನು. ಅವನ ದ್ರೋಹದಿಂದ ಸೆರೆಸಿಕ್ಕ ಅಣ್ಣ, ಕವಿ ಅಶ್ರಫ್ ಖಾನ್, ದೂರದ ದಖ್ಖಣದ ಸೆರೆಮನೆ ಸೇರಿದನು. 1689ರಲ್ಲಿ ಖುಷಾಲ್ ತೀರಿಕೊಂಡದ್ದು ಆಫ್ರಿದಿಗಳ ನೆಲದಲ್ಲಿ.

ಈ ದಂಗೆಯ ಪರಿಣಾಮ ನಮ್ಮ ಕಡೆಗೂ ತಟ್ಟಿದೆ, ಅದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಗಡಿಯ ಯುದ್ಧಕ್ಕಾಗಿ ದಖ್ಖಣದಿಂದ ಆಯ್ದ ಪಡೆಗಳನ್ನು ಕರೆಸಿಕೊಂಡದ್ದರಿಂದ ಶಿವಾಜಿಯ ಮೇಲಿನ ಒತ್ತಡ ಸಡಿಲವಾಯಿತು. 1674ರ ಜೂನ್‌ನಲ್ಲಿ ರಾಯಗಡದ ಪಟ್ಟಾಭಿಷೇಕ ನಡೆದಾಗ ಬಾದಶಹ ಪೆಶಾವರದ ಹಾದಿಯಲ್ಲಿದ್ದನು. ಜಿಂಜಿ, ವೆಲ್ಲೂರುಗಳನ್ನು ಮುಟ್ಟಿ ಕನ್ನಡ ಸೀಮೆಯ ಮೂಲಕ ಮರಳಿದ ಶಿವಾಜಿಯ 1677ರ ದಕ್ಷಿಣ ದಂಡಯಾತ್ರೆಗೂ ಈ ಬಿಡುವು ನೆರವಾಯಿತು.