ಸಂಪಾದಕರ ಉತ್ತರ: ಕಪಾಟು ತುಂಬಿದೆ, ಇನ್ನು ಡಿಜಿಟಲ್ ಚಂದಾ ತೆಗೆದುಕೊಳ್ಳಲೇ?

ನಮ್ಮ ಹಳೆಯ ಚಂದಾದಾರರೊಬ್ಬರ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇವೆ.

"ಸಂಪಾದಕರಿಗೆ ನಮಸ್ಕಾರ. 22 ವರ್ಷದಿಂದ ನಿಮ್ಮ ಪತ್ರಿಕೆಯ ಚಂದಾದಾರ ನಾನು. ಮರದಲ್ಲಿ ಹಡಗು, ರೈಲುಗಳ ಮಾದರಿ ಮಾಡುವುದು ನನ್ನ ಹವ್ಯಾಸ. ಇನ್ನೂ ಎರಡು ಹವ್ಯಾಸ ಪತ್ರಿಕೆಗಳನ್ನು ತರಿಸುತ್ತೇನೆ. ಒಂದು ಸಂಚಿಕೆಯನ್ನೂ ಎಸೆದವನಲ್ಲ. ಕಪಾಟು ತುಂಬಿತು, ಈಗ ಮಂಚದ ಕೆಳಗೂ ಕಟ್ಟು ಕಟ್ಟಿ ಇಟ್ಟಿದ್ದೇನೆ. ಮುಂದಿನ ವರ್ಷದಿಂದ ಡಿಜಿಟಲ್ ಚಂದಾ ತಗೊಳ್ಳಿ ಅಪ್ಪಾ ಎಂದು ಮಗಳು ಹೇಳುತ್ತಿದ್ದಾಳೆ. ನನಗೆ ಮನಸ್ಸಿಲ್ಲ. ಆದರೆ ಬೇಡ ಅನ್ನಲು ಸರಿಯಾದ ಕಾರಣವೂ ಸಿಗುತ್ತಿಲ್ಲ. ಡಿಜಿಟಲ್ ತೆಗೆದುಕೊಂಡರೆ ಆ ಸಂಚಿಕೆ ನನ್ನದಾಗಿ ಉಳಿಯುತ್ತದೆಯೇ? ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕಬಹುದೇ? ಮುಚ್ಚುಮರೆ ಇಲ್ಲದೆ ಹೇಳಿ."

ಪ್ರಿಯ ಓದುಗರೇ,

ನಿಮ್ಮ ಪತ್ರ ಒಂದು ವಾರದಿಂದ ನನ್ನ ಮೇಜಿನ ಮೇಲೇ ಇದೆ. "ಎರಡೂ ಚೆನ್ನಾಗಿವೆ, ನಿಮಗೆ ಬೇಕಾದ್ದು ಆರಿಸಿಕೊಳ್ಳಿ" ಎಂದು ಎರಡು ಸಾಲು ಬರೆದು ಮುಗಿಸಬಹುದಿತ್ತು. 22 ವರ್ಷ ಜೊತೆಗಿದ್ದವರಿಗೆ ಹಾಗೆ ಬರೆಯಲು ಕೈ ಬರಲಿಲ್ಲ.

ಮೊದಲು ನಿಮ್ಮ ಮಗಳ ಪರವಾಗಿ ಒಂದು ಲೆಕ್ಕ ಮಾಡೋಣ. ಚದರ ಮೀಟರ್‌ಗೆ 80 ಗ್ರಾಂ ತೂಗುವ ಕಾಗದದಲ್ಲಿ ಎ4 ಅಳತೆಯ ಒಂದು ಹಾಳೆ 5 ಗ್ರಾಂ ಬರುತ್ತದೆ. 64 ಪುಟದ ಸಂಚಿಕೆ ಎಂದರೆ 32 ಹಾಳೆ, 160 ಗ್ರಾಂ. ವರ್ಷಕ್ಕೆ 12ರಂತೆ 22 ವರ್ಷಕ್ಕೆ 264 ಸಂಚಿಕೆ. ಒಟ್ಟು 42 ಕೆ.ಜಿ. ಇದು ನಮ್ಮದೊಂದೇ ಪತ್ರಿಕೆಯ ತೂಕ. ಮುಖಪುಟದ ದಪ್ಪ ಕಾಗದ, ನಡುಪುಟದ ಮಡಚು ನಕ್ಷೆ, ಉಳಿದ ಎರಡು ಪತ್ರಿಕೆ ಎಲ್ಲ ಸೇರಿದರೆ ಎಷ್ಟಾಗುತ್ತದೋ ನೋಡಿ. ಮಗಳು ಸುಮ್ನೆ ಹೇಳುತ್ತಿಲ್ಲ.

ಇನ್ನೊಂದು ಮಾತು. ಮಂಚದ ಕೆಳಗೆ ಇಟ್ಟಿರುವ ಕಟ್ಟುಗಳನ್ನು ದಯವಿಟ್ಟು ಇವತ್ತೇ ಮೇಲಕ್ಕೆ ಎತ್ತಿ. ಹೊಳಪು ಕಾಗದದ ಮೇಲೆ ಬಿಳಿ ಜೇಡಿಯ ತೆಳುವಾದ ಲೇಪ ಇರುತ್ತದೆ. ಅದು ಒಮ್ಮೆ ನೆನೆದು ಒಣಗಿದರೆ ಪುಟಕ್ಕೆ ಪುಟ ಅಂಟಿಕೊಂಡು ಇಟ್ಟಿಗೆಯ ಹಾಗೆ ಆಗುತ್ತದೆ. ಆಮೇಲೆ ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಹೀಗೆ ನಾನು ನಾಲ್ಕು ವರ್ಷದ ಸಂಚಿಕೆಗಳನ್ನು ಕಳೆದುಕೊಂಡಿದ್ದೇನೆ. ಗೋಡೆಯೊಳಗಿನ ಕೊಳವೆ ಸೋರಿತ್ತು, ನೆಲಕ್ಕೆ ಇಟ್ಟಿದ್ದ ಪೆಟ್ಟಿಗೆ ಕೆಳಗಿನಿಂದ ನೀರು ಕುಡಿದಿತ್ತು. ಕಾಗದ ಶಾಶ್ವತ, ಡಿಜಿಟಲ್ ಕ್ಷಣಿಕ ಎಂದು ಯಾರಾದರೂ ಹೇಳಿದರೆ ನನಗೆ ಆ ಪೆಟ್ಟಿಗೆ ನೆನಪಾಗುತ್ತದೆ.

ಡಿಜಿಟಲ್ ನಿಜವಾಗಿ ಗೆಲ್ಲುವುದು ಹುಡುಕಾಟದಲ್ಲಿ. ತೆಳು ಪಟ್ಟಿಯನ್ನು ಹಬೆಯಲ್ಲಿ ಬಗ್ಗಿಸಿ ಹಡಗಿನ ಪಕ್ಕೆಗೆ ಕೂರಿಸುವುದು ಹೇಗೆ ಎಂದು ಎಲ್ಲೋ ಓದಿದ ನೆನಪು ನಿಮಗಿರುತ್ತದೆ. ಯಾವ ವರ್ಷ, ಯಾವ ತಿಂಗಳು? ಕಪಾಟಿನ ಮುಂದೆ ಕೂತರೆ ಒಂದು ಮಧ್ಯಾಹ್ನ ಹೋಗುತ್ತದೆ. (ಆ ಮಧ್ಯಾಹ್ನ ವ್ಯರ್ಥ ಎಂದು ನಾನು ಹೇಳುವುದಿಲ್ಲ. ಹುಡುಕಿದ್ದು ಒಂದು, ಸಿಕ್ಕಿದ್ದು ಹತ್ತು ಎಂಬ ಸುಖ ಅಲ್ಲಿದೆ.) ಡಿಜಿಟಲ್‌ನಲ್ಲಿ ಒಂದು ಪದ ಬರೆದರೆ ಕ್ಷಣದಲ್ಲಿ ಪುಟ ಎದುರಿಗೆ ಬರುತ್ತದೆ. ಆದರೆ ಕನ್ನಡದಲ್ಲಿ ಒಂದು ತೊಡಕಿದೆ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ಅಕ್ಷರಗಳಲ್ಲಿ ಪುಟ ಕಟ್ಟಿದ್ದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರ್‌ಗೆ ಮಾತ್ರ ಅದು ಅರ್ಥವಿಲ್ಲದ ಗುರುತುಗಳ ಸಾಲು. ಹುಡುಕಿದರೆ ಏನೂ ಸಿಗುವುದಿಲ್ಲ. ನಮ್ಮ ಹಳೆಯ ಸಂಚಿಕೆಗಳೂ ಹಾಗೇ ಇವೆ. ಅವನ್ನು ಒಂದೊಂದಾಗಿ ಸರಿಪಡಿಸುತ್ತಿದ್ದೇವೆ, ಕೆಲಸ ಇನ್ನೂ ಮುಗಿದಿಲ್ಲ.

ಇನ್ನು ಪರದೆ. ಮೊಬೈಲ್‌ನಲ್ಲಿ ಹವ್ಯಾಸ ಪತ್ರಿಕೆ ಓದುತ್ತೇನೆ ಎಂದು ಹೊರಡಬೇಡಿ, ಎ4 ಪುಟ ಅಲ್ಲಿ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಸುಮಾರು 10 ಇಂಚಿನ ಟ್ಯಾಬ್‌ನಲ್ಲೂ ಪುಟ ಮೂರನೇ ಎರಡು ಭಾಗದಷ್ಟು ಗಾತ್ರದಲ್ಲೇ ಕಾಣುತ್ತದೆ. 9 ಪಾಯಿಂಟ್ ಅಕ್ಷರ 6 ಪಾಯಿಂಟ್ ಆಗುತ್ತದೆ. ಹಿಗ್ಗಿಸಬಹುದು ನಿಜ. ಆದರೆ ಹಿಗ್ಗಿಸಿದಾಗ ಚಿತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಹೋಗುತ್ತದೆ. ಬೆರಳು ಪುಟದ ಮೇಲೆ ಅಲೆಯುತ್ತಲೇ ಇರುತ್ತದೆ. 13 ಇಂಚಿನ ಟ್ಯಾಬ್ ಇದ್ದರೆ ಈ ಕಷ್ಟ ಬಹಳ ಮಟ್ಟಿಗೆ ತಪ್ಪುತ್ತದೆ. ಫೋಟೋದ ಸಣ್ಣ ವಿವರ ನೋಡಬೇಕೆಂದಾಗ ಮಾತ್ರ ಪರದೆಯೇ ಮೇಲು. ಗೆರೆಚಿತ್ರಗಳನ್ನು ಸರಿಯಾಗಿ ಉಳಿಸಿದ್ದರೆ ಎಷ್ಟು ಹಿಗ್ಗಿಸಿದರೂ ಗೆರೆ ಮಸುಕಾಗುವುದಿಲ್ಲ.

ನಿಮ್ಮ ಕೆಲಸಕ್ಕೆ ಇದೆಲ್ಲಕ್ಕಿಂತ ಮುಖ್ಯವಾದ ವಿಷಯ ನಕ್ಷೆಯ ಅಳತೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪೆಟ್ಟು ಬೀಳುವುದು ಇಲ್ಲೇ. ಮುದ್ರಿತ ಸಂಚಿಕೆಯ ನಡುಪುಟದಲ್ಲಿ 1:72, ಅಂದರೆ ನಿಜವಾದದ್ದರ 72ನೇ ಒಂದು ಭಾಗ ಎಂದು ಬರೆದಿದ್ದರೆ ಅದು 1:72. ಮರದ ಮೇಲೆ ಇಟ್ಟು ಗೆರೆ ಎಳೆಯಬಹುದು. ಅದೇ ನಕ್ಷೆಯನ್ನು ಪಿಡಿಎಫ್‌ನಿಂದ ಪ್ರಿಂಟ್ ತೆಗೆದಾಗ ಏನಾಗುತ್ತದೆ? ಹಾಳೆಯ ಅಂಚಿಗೆ ಸರಿಯಾಗಲಿ ಎಂದು ಪ್ರಿಂಟರ್ ತಾನಾಗಿಯೇ ಪುಟವನ್ನು ತುಸು ಕುಗ್ಗಿಸುತ್ತದೆ. ಶೇಕಡ 96ಕ್ಕೆ ಕುಗ್ಗಿಸಿತು ಎಂದುಕೊಳ್ಳಿ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ನಿಮ್ಮ 1:72 ಈಗ 1:75 ಆಗಿದೆ. 200 ಮಿ.ಮೀ. ಇರಬೇಕಾದ ಹಲಗೆ 192 ಮಿ.ಮೀ. ಬಂದಿದೆ. ಎಲ್ಲ ಭಾಗಗಳನ್ನೂ ಆ ಪ್ರಿಂಟ್‌ನಿಂದಲೇ ಕತ್ತರಿಸಿದರೆ ಮಾದರಿ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೇ. ಚಕ್ರ, ಫಿರಂಗಿ, ಹಗ್ಗದ ರಾಟೆಗಳನ್ನು ಹೊರಗಿನಿಂದ ತಂದಿದ್ದರೆ ಯಾವುದೂ ಕೂರುವುದಿಲ್ಲ. ತಿಂಗಳ ಕೆಲಸ ಹೋಯಿತು. ಹೊಲಿಗೆಯ ಮಾದರಿ, ಮರಗೆಲಸದ ಕೀಲು, ಕಾಗದದ ಮಾದರಿ ಎಲ್ಲದಕ್ಕೂ ಇದೇ ಅಪಾಯ ಇದೆ.

ಇದಕ್ಕೆ ಮದ್ದು ಸುಲಭ. ಪ್ರಿಂಟ್ ಕೊಡುವಾಗ "ಹಾಳೆಗೆ ಹೊಂದಿಸು" ಎನ್ನುವುದನ್ನು ತೆಗೆದು "ನಿಜ ಅಳತೆ", ಅಂದರೆ ಶೇಕಡ 100 ಎಂಬುದನ್ನು ಆರಿಸಿ. ಪ್ರಿಂಟ್ ಬಂದ ಮೇಲೆ ಅಳತೆಪಟ್ಟಿ ಇಟ್ಟು ನೋಡದೆ ಕತ್ತರಿ ಮುಟ್ಟಬೇಡಿ. ನಿಮ್ಮ ಪತ್ರ ಬಂದ ಮೇಲೆ ನಾವೂ ಒಂದು ತೀರ್ಮಾನ ಮಾಡಿದೆವು. ಮುಂದಿನ ಸಂಚಿಕೆಯಿಂದ ಡಿಜಿಟಲ್ ಪ್ರತಿಯ ಪ್ರತಿ ನಕ್ಷೆಯ ಮೂಲೆಯಲ್ಲೂ 5 ಸೆಂ.ಮೀ.ನ ಒಂದು ಚೌಕ ಇರುತ್ತದೆ. ಅದನ್ನು ಅಳೆದರೆ ಸಾಕು, ಉಳಿದದ್ದು ಸರಿಯೋ ತಪ್ಪೋ ಗೊತ್ತಾಗುತ್ತದೆ. ಇದನ್ನು ಇಷ್ಟು ವರ್ಷ ಮಾಡದೇ ಇದ್ದದ್ದು ನಮ್ಮ ತಪ್ಪು.

ಓದಿದ್ದು ತಲೆಯಲ್ಲಿ ಉಳಿಯುವ ಬಗ್ಗೆಯೂ ಒಂದು ಮಾತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕಾಗದ ಮತ್ತು ಪರದೆಯ ಓದನ್ನು ಹೋಲಿಸಿದ 54 ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮಾಹಿತಿ ಕೊಡುವ ಬರಹವನ್ನು ಕಾಗದದಲ್ಲಿ ಓದಿದವರು ಸ್ವಲ್ಪ ಹೆಚ್ಚು ಅರ್ಥ ಮಾಡಿಕೊಂಡಿದ್ದರು. ಕಥೆಯ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಪತ್ರಿಕೆಯಲ್ಲಿ ಬರುವುದು "ಮೊದಲು ಇದು ಮಾಡಿ, ಆಮೇಲೆ ಅದು ಮಾಡಿ" ಎಂಬ ಬರಹವೇ ಜಾಸ್ತಿ, ಅಲ್ವಾ? ಅದಕ್ಕೇ ಹೇಳಿದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಡಿಜಿಟಲ್ ಸಂಚಿಕೆ ನಿಮ್ಮದಾಗಿ ಉಳಿಯುತ್ತದೆಯೇ? ಹೆಚ್ಚಿನ ಕಡೆ ಇಲ್ಲ. ನೀವು ಕೊಳ್ಳುವುದು ಓದುವ ಪರವಾನಗಿಯನ್ನು. ಚಂದಾ ಇರುವವರೆಗೆ, ಆ ಆ್ಯಪ್ ಬದುಕಿರುವವರೆಗೆ, ಪ್ರಕಾಶಕರು ಮನಸ್ಸು ಬದಲಿಸದಿರುವವರೆಗೆ ಮಾತ್ರ ಅದು ನಿಮ್ಮ ಕೈಯಲ್ಲಿರುತ್ತದೆ. ಮುದ್ರಿತ ಪ್ರತಿಯನ್ನು ಗೆಳೆಯರಿಗೆ ಕೊಡಬಹುದು, ಮಗಳಿಗೆ ಬಿಟ್ಟುಹೋಗಬಹುದು. ಬರೀ ಆ್ಯಪ್‌ನಲ್ಲಿ ಇರುವುದನ್ನು ಹಾಗೆ ಕೈ ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ನಾನೇ ಅನುಭವಿಸಿದ್ದೇನೆ. ಒಂದು ಮಾದರಿ ತಯಾರಿಕೆಯ ಪತ್ರಿಕೆಗೆ ಐದು ವರ್ಷ ಆ್ಯಪ್ ಮೂಲಕ ಚಂದಾ ಕಟ್ಟಿದ್ದೆ. ಒಂದು ದಿನ ಆ ಆ್ಯಪ್ ನಿಂತಿತು. ತಿಂಗಳ ಮುಂಚೆ ಒಂದು ಮಿಂಚಂಚೆ ಬಂದಿತ್ತಂತೆ, ನಾನು ನೋಡಿರಲಿಲ್ಲ. 60 ಸಂಚಿಕೆ ಒಟ್ಟಿಗೆ ಹೋದವು. ನಾನು ಗುರುತು ಹಾಕಿಟ್ಟ ಪುಟಗಳೂ ಅದರ ಜೊತೆಗೇ ಹೋದವು. ಸಿಟ್ಟಿಗಿಂತ ಜಾಸ್ತಿ ದುಃಖವಾಗಿತ್ತು.

ಇದು ಚಿಕ್ಕ ಕಂಪನಿಗಳಲ್ಲಿ ಮಾತ್ರ ಆಗುವ ಮಾತಲ್ಲ. ಅಮೆಜಾನ್ 2023ರಲ್ಲಿ ತನ್ನ ಡಿಜಿಟಲ್ ಓದಿನ ಸಾಧನವಾದ ಕಿಂಡಲ್‌ನ ಬಿಡಿಬಿಡಿ ಪತ್ರಿಕೆಗಳ ಚಂದಾ ವ್ಯವಸ್ಥೆಯನ್ನೇ ನಿಲ್ಲಿಸಿತು. ಟೆಕ್ಸ್‌ಚರ್ ಎಂಬ ಪತ್ರಿಕೆಗಳ ಆ್ಯಪ್ ಅನ್ನು 2018ರಲ್ಲಿ ಆ್ಯಪಲ್ ಕೊಂಡುಕೊಂಡಿತು, ಮರುವರ್ಷ ಅದು ಮುಚ್ಚಿತು. ಪುಟ ಮಗುಚಿದಂತೆ ಕಾಣುತ್ತಿದ್ದ ಎಷ್ಟೋ ಹಳೆಯ ಡಿಜಿಟಲ್ ಪತ್ರಿಕೆಗಳು ಫ್ಲ್ಯಾಶ್ ತಂತ್ರದ ಮೇಲೆ ನಿಂತಿದ್ದವು. 2020ರ ಕೊನೆಗೆ ಫ್ಲ್ಯಾಶ್ ಬೆಂಬಲ ನಿಂತಿತು, ಹೊಸ ರೂಪಕ್ಕೆ ಬದಲಿಸದೇ ಇದ್ದವು ತೆರೆಯದಾದವು. ಆದರೆ 1993ರಲ್ಲಿ ಬಂದ ಪಿಡಿಎಫ್ ಇವತ್ತಿಗೂ ಎಲ್ಲ ಸಾಧನಗಳಲ್ಲೂ ತೆರೆಯುತ್ತದೆ. 2008ರಿಂದ ಅದು ಒಂದು ಕಂಪನಿಯ ಸ್ವತ್ತಾಗಿ ಉಳಿದಿಲ್ಲ, ಅಂತರರಾಷ್ಟ್ರೀಯ ಮಾನಕವಾಗಿದೆ.

ಹಾಗಾಗಿ ಡಿಜಿಟಲ್ ಚಂದಾ ಕಟ್ಟುವ ಮುಂಚೆ ನೇರವಾಗಿ ಕೇಳಿ: ಬೀಗ ಇಲ್ಲದ ಪಿಡಿಎಫ್ ಇಳಿಸಿಕೊಳ್ಳಲು ಕೊಡುತ್ತೀರಾ? ಕೊಡುತ್ತೇವೆ ಎಂದರೆ ಧೈರ್ಯವಾಗಿ ತೆಗೆದುಕೊಳ್ಳಿ. ಸಂಚಿಕೆ ಬಂದ ದಿನವೇ ಇಳಿಸಿ, ವರ್ಷ ಮತ್ತು ತಿಂಗಳಿನ ಹೆಸರು ಕೊಟ್ಟು ಎರಡು ಬೇರೆ ಬೇರೆ ಜಾಗದಲ್ಲಿ ಉಳಿಸಿ. ಆಮೇಲೆ ಮಾಡೋಣ ಎಂದರೆ ಆಗುವುದಿಲ್ಲ. ಇಲ್ಲ, ಆ್ಯಪ್‌ನಲ್ಲೇ ಓದಬೇಕು ಎಂದರೆ, ಅದು ಬಾಡಿಗೆ ಎಂದು ತಿಳಿದುಕೊಂಡೇ ಕಟ್ಟಿ. ಬಾಡಿಗೆ ಕೆಟ್ಟದ್ದೇನಲ್ಲ. ಒಮ್ಮೆ ಕಣ್ಣಾಡಿಸಿ ಬಿಡುವ ಪತ್ರಿಕೆಗೆ ಅಷ್ಟು ಸಾಕು. ನಮ್ಮ ಡಿಜಿಟಲ್ ಚಂದಾದಾರರಿಗೆ ನಾವು ಬೀಗವಿಲ್ಲದ ಪಿಡಿಎಫ್ ಕೊಡುತ್ತೇವೆ. ಚಂದಾ ಮುಗಿದ ಮೇಲೂ ಇಳಿಸಿಕೊಂಡದ್ದು ಅವರದ್ದೇ. ನಾನು ಈ ಕುರ್ಚಿಯಲ್ಲಿ ಇರುವವರೆಗೆ ಇದು ಬದಲಾಗುವುದಿಲ್ಲ.

ಹಳೆಯದನ್ನು ರದ್ದಿಗೆ ಹಾಕಬಹುದೇ? ಬೇಡ. ಡಿಜಿಟಲ್‌ನಲ್ಲಿ ಎಲ್ಲ ಇದೆ ಎಂದು ನಂಬಿ ಹಾಕಲೇಬೇಡಿ. ಪತ್ರಿಕೆಯ ನೌಕರರಲ್ಲದೆ ಬಿಡಿಯಾಗಿ ಬರೆದುಕೊಡುವ ಲೇಖಕರು ಪತ್ರಿಕೆಗೆ ಕೊಟ್ಟ ಹಕ್ಕು ಮುದ್ರಣಕ್ಕೆ ಮಾತ್ರವೋ, ಡಿಜಿಟಲ್‌ಗೂ ಸೇರಿಯೋ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2001ರಲ್ಲಿ ತೀರ್ಪು ಲೇಖಕರ ಪರವಾಗಿ ಬಂತು. ಅದು ನ್ಯಾಯವೇ. ಆದರೆ ಅದರ ಪರಿಣಾಮವಾಗಿ ಎಷ್ಟೋ ಹಳೆಯ ಬರಹಗಳನ್ನು ಡಿಜಿಟಲ್ ಸಂಗ್ರಹಗಳಿಂದ ತೆಗೆದುಹಾಕಿದರು. ಬರೀ ಅಕ್ಷರ ಉಳಿಸಿದ ಸಂಗ್ರಹಗಳಲ್ಲಿ ಜಾಹೀರಾತು ಇರುವುದಿಲ್ಲ. ಹವ್ಯಾಸಿಗಳಿಗೆ ಹಳೆಯ ಜಾಹೀರಾತು ಎಷ್ಟು ಬೇಕಾಗುತ್ತದೆ ಎಂದು ನಿಮಗೆ ಗೊತ್ತು. ಯಾವ ಉಪಕರಣ ಯಾವಾಗ ಬಂತು, ಯಾವ ಬಣ್ಣ ಏನೆಂದು ಕರೆಸಿಕೊಳ್ಳುತ್ತಿತ್ತು ಎಂಬುದಕ್ಕೆಲ್ಲ ಅದೇ ಸಾಕ್ಷಿ. ಜಾಗ ಬೇಕೇ ಬೇಕು ಎಂದಾದರೆ ನಿಮ್ಮ ಕೆಲಸಕ್ಕೆ ಬೇಕಾದ ಸಂಚಿಕೆಗಳನ್ನು ಇಟ್ಟುಕೊಂಡು ಉಳಿದದ್ದನ್ನು ಇದೇ ಹವ್ಯಾಸದ ಹೊಸಬರಿಗೆ ಕೊಡಿ.

ನನ್ನ ಸಲಹೆ ಇಷ್ಟು. ಉಳಿದ ಎರಡು ಪತ್ರಿಕೆಗಳಲ್ಲಿ ನೀವು ಸುಮ್ಮನೆ ಓದುವುದು ಯಾವುದೋ ಅದನ್ನು ಡಿಜಿಟಲ್‌ಗೆ ಬದಲಿಸಿ. ಮೇಜಿನ ಮೇಲೆ ಬಿಚ್ಚಿಟ್ಟು, ಅಂಟು ಮೆತ್ತಿದ ಕೈಯಲ್ಲಿ ಪುಟ ತಿರುಗಿಸುವ ಪತ್ರಿಕೆ ಯಾವುದೋ ಅದು ಕಾಗದದಲ್ಲೇ ಇರಲಿ. ನಮ್ಮದು ಆ ಎರಡನೇ ಗುಂಪಿನಲ್ಲಿದೆ ಎಂದು ನಿಮ್ಮ ಪತ್ರದಿಂದ ಅನ್ನಿಸಿತು. ನೀವು ಡಿಜಿಟಲ್‌ಗೆ ಬಂದರೆ ನಮಗೆ ಕಾಗದ ಮತ್ತು ಅಂಚೆಯ ಖರ್ಚು ಉಳಿಯುತ್ತದೆ. ಆದರೆ ಮುದ್ರಣದ ಪ್ಲೇಟ್ ಮಾಡುವ ಖರ್ಚು 500 ಪ್ರತಿಗೂ ಅಷ್ಟೇ, 5000 ಪ್ರತಿಗೂ ಅಷ್ಟೇ. ಕಾಗದದ ಓದುಗರು ಕಡಿಮೆಯಾದಂತೆ ಉಳಿದವರ ಒಂದೊಂದು ಪ್ರತಿಯೂ ದುಬಾರಿಯಾಗುತ್ತದೆ. ನೀವು ಮುಚ್ಚುಮರೆ ಬೇಡ ಎಂದಿದ್ದೀರಿ, ಅದಕ್ಕೆ ಇದನ್ನೂ ಹೇಳಿದೆ.

ಕೊನೆಗೆ ನನ್ನದೊಂದು ಕೋರಿಕೆ. ನಮ್ಮ ಕಚೇರಿಯ ಕಡತದಲ್ಲಿ ಕೆಲವು ಹಳೆಯ ಸಂಚಿಕೆಗಳ ನಡುಪುಟದ ನಕ್ಷೆಗಳೇ ಇಲ್ಲ. ಯಾರೋ ಬೇಕೆಂದು ಬಿಚ್ಚಿಕೊಂಡಿದ್ದಾರೆ, ಮೂಲ ಕಡತವೂ ಉಳಿದಿಲ್ಲ. ಪಟ್ಟಿಯನ್ನು ನಿಮಗೆ ಬೇರೆಯಾಗಿ ಕಳಿಸುತ್ತಿದ್ದೇನೆ. ಮಂಚದ ಕೆಳಗಿನ ಕಟ್ಟುಗಳನ್ನು ಎತ್ತುವಾಗ ಆ ತಿಂಗಳುಗಳನ್ನು ಒಮ್ಮೆ ಹುಡುಕಿ ನೋಡುತ್ತೀರಾ? ನಾವೇ ಬಂದು ಸ್ಕ್ಯಾನ್ ಮಾಡಿಕೊಳ್ಳುತ್ತೇವೆ. ಪಿನ್ ಬಿಚ್ಚುವುದಿಲ್ಲ.

ನಿಮ್ಮ
ಸಂಪಾದಕ