ಹೇ ಮತ್ತು ಸ್ಟ್ರಾ: ಎರಡೂ ಒಣಹುಲ್ಲೇ ಅಲ್ಲವೇ?

ಇಂಗ್ಲಿಷ್ ಮಕ್ಕಳ ಕತೆಯೊಂದನ್ನು ಕನ್ನಡಕ್ಕೆ ತರುವಾಗ 'ಹೇ', 'ಸ್ಟ್ರಾ' ಎರಡಕ್ಕೂ 'ಒಣಹುಲ್ಲು' ಎಂದೇ ಬರೆಯಬೇಕಾಯಿತು, ಇವುಗಳ ನಡುವೆ ನಿಜಕ್ಕೂ ವ್ಯತ್ಯಾಸವಿದೆಯೇ ಎಂದು ತಾವು ಕೇಳಿದ್ದೀರಿ. ಇದೆ, ಅದು ಮುಖ್ಯವಾಗಿ ಕೊಯ್ಯುವ ಹೊತ್ತಿಗೆ ಸಂಬಂಧಿಸಿದ್ದು.

ಮೇವಿಗೆಂದೇ ಬೆಳೆಸಿದ ಹುಲ್ಲನ್ನೋ ಕುದುರೆ ಮಸಾಲೆ (ಲೂಸರ್ನ್) ಎಂಬ ಮೇವಿನ ಸೊಪ್ಪನ್ನೋ ಹೂಬಿಡುವ ಹೊತ್ತಿಗೆ, ಕಾಳು ಬಲಿಯುವ ಮೊದಲೇ ಕೊಯ್ದು, ತೇವಾಂಶ ಶೇ. 15–20ಕ್ಕೆ ಇಳಿಯುವವರೆಗೆ ಬಿಸಿಲಿನಲ್ಲಿ ಒಣಗಿಸಿದರೆ ಅದು 'ಹೇ'. ಸತ್ವದ ಬಹುಪಾಲು ಎಲೆಯಲ್ಲೇ ಉಳಿದಿರುವುದರಿಂದ ಅದು ಒಣಗಿದರೂ ತುಸು ಹಸಿರಾಗಿರುತ್ತದೆ, ಉಜ್ಜಿದರೆ ಸಿಹಿಯಾದ ವಾಸನೆ ಬರುತ್ತದೆ. ಬಿಸಿಲಿರುವಾಗಲೇ 'ಹೇ' ಮಾಡಿಕೋ ಎಂಬ ಇಂಗ್ಲಿಷ್ ಗಾದೆ ಹುಟ್ಟಿದ್ದೂ ಇದರಿಂದಲೇ: ಅಲ್ಲಿಯ ಬೇಸಿಗೆಯಲ್ಲಿ ಮಳೆಯನ್ನು ನಂಬುವಂತಿಲ್ಲ, ಹಸಿಯಾಗಿಯೇ ಒಟ್ಟಿದ ಮೇವು ಬೂಸಲು ಹಿಡಿಯುತ್ತದೆ, ಕೆಲವೊಮ್ಮೆ ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು.

'ಸ್ಟ್ರಾ' ಎಂದರೆ ಗೋಧಿ, ಬಾರ್ಲಿ, ಭತ್ತದಂಥ ಬೆಳೆಯನ್ನು ಬಡಿದು ಕಾಳು ತೆಗೆದ ಮೇಲೆ ಉಳಿಯುವ ಕಾಂಡ. ಗಿಡ ತನ್ನ ಸತ್ವದ ಬಹುಪಾಲನ್ನು ಕಾಳಿಗೆ ಕೊಟ್ಟಾಗಿರುತ್ತದೆ. ಗೋಧಿಯ ಕಡ್ಡಿಯೊಂದನ್ನು ಮುರಿದು ನೋಡಿದರೆ ಹೊಳಪಿನ ಹಳದಿ ಸಿಪ್ಪೆ, ಒಳಗೆ ಟೊಳ್ಳು. ಪಾನೀಯ ಹೀರುವ ಕೊಳವೆಗೆ ಇದೇ ಹೆಸರು ಬಂದದ್ದು ಆ ಟೊಳ್ಳಿನಿಂದ. ಯುರೋಪಿನಲ್ಲಿ ಇದನ್ನು ಹೆಚ್ಚಾಗಿ ಕೊಟ್ಟಿಗೆಯ ಹಾಸಿಗೆಗೂ ಸೂರಿಗೂ ಬಳಸುತ್ತಿದ್ದರು.

ನಮಗೆ ಗೊಂದಲವಾಗುವುದು ಸಹಜ, ಏಕೆಂದರೆ ನಾವು ದನಕ್ಕೆ ಹಾಕುವುದು ಬಹುಮಟ್ಟಿಗೆ 'ಸ್ಟ್ರಾ'ವನ್ನೇ. ನೆಲ್ಲುಹುಲ್ಲು, ರಾಗಿಹುಲ್ಲು ಎರಡೂ ಅದೇ ಗುಂಪಿನವು. ಎರಡನ್ನೂ ಬೆರೆಸಿ ಗೋದಲೆಗೆ ಹಾಕಿದರೆ ನಮ್ಮ ಮನೆಯ ಹಸು ಮೂತಿಯಿಂದ ನೆಲ್ಲುಹುಲ್ಲನ್ನು ಬದಿಗೆ ತಳ್ಳಿ ರಾಗಿಹುಲ್ಲನ್ನೇ ಎಳೆದುಕೊಳ್ಳುತ್ತಿತ್ತು. ಒಂದೇ ಗುಂಪಿನೊಳಗೂ ಅಷ್ಟು ಅಂತರವಿದೆ. ಮಲೆನಾಡಿನವರು ಮಳೆಗಾಲ ಕಳೆದ ಮೇಲೆ ಬ್ಯಾಣದಿಂದ (ಹುಲ್ಲುಗಾವಲಿನಿಂದ) ಕೊಯ್ದು ತರುವ ಕರಡ, ಅಂದರೆ ತಾನಾಗಿ ಬೆಳೆದ ಒಣಹುಲ್ಲು, ಹುಟ್ಟಿನಿಂದ 'ಹೇ'ಗೆ ಹತ್ತಿರವಾದರೂ, ಬಲಿತ ಮೇಲೆ ಕೊಯ್ಯುವುದರಿಂದ ಗುಣದಲ್ಲಿ 'ಸ್ಟ್ರಾ'ದ ಕಡೆಗೇ ವಾಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಅನುವಾದದಲ್ಲಿ 'ಹೇ'ಗೆ 'ಒಣಮೇವು' ಎಂದೂ, 'ಸ್ಟ್ರಾ'ಗೆ ಬೆಳೆಯ ಹೆಸರು ಸೇರಿಸಿ 'ಗೋಧಿಹುಲ್ಲು' ಎಂದೂ ಬರೆಯಬಹುದು. ಕತೆಯ ಕುದುರೆ ಅದನ್ನು ತಿನ್ನುತ್ತಿದ್ದರೆ ಬಹುಶಃ ಮೊದಲನೆಯದು, ಅದರ ಮೇಲೆ ಮಲಗಿದ್ದರೆ ಎರಡನೆಯದು.