ಮಿಷನ್‌ನಲ್ಲಿ ಮನೆ ಹಿಡಿಯುವ ಮುಂಚೆ

ತಮ್ಮಾ, ಕ್ಯಾತ್ಸಂದ್ರದ ಹುಡುಗ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಿದ್ದಾನೆ ಅಂತ ಕೇಳಿ ಖುಷಿಯಾಯಿತು. ಮಿಷನ್ ಏರಿಯಾದಲ್ಲಿ ಮನೆ ಮಾಡಬಹುದಾ, ಅಡ್ವಾನ್ಸ್ ಎಷ್ಟು, ಅಲ್ಲಿನವರಿಗೆ ಐಟಿಯವರನ್ನು ಕಂಡರೆ ಆಗುವುದಿಲ್ಲವಂತೆ, ನಿಜಾನಾ ಅಂತ ಕೇಳಿದ್ದೀಯ.

ಅಡ್ವಾನ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಕಡೆ ಥರ ಹತ್ತು ತಿಂಗಳದ್ದು ಕೊಡಬೇಕಿಲ್ಲ. 2024ರ ಜುಲೈಯಿಂದ ಹೆಚ್ಚಿನ ಮಾಲೀಕರು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ತಟ್ಟೆ ಇಡ್ಲಿ ಮಾತ್ರ ಮರೆತುಬಿಡು.

ಕೊನೆಯ ಪ್ರಶ್ನೆಗೆ ಸ್ವಲ್ಪ ಹೇಳಬೇಕು. ನಾನು ಬಂದ ಹೊಸತರಲ್ಲಿ 24ನೇ ಬೀದಿಯ ಹತ್ತಿರ ಇದ್ದೆ. 2013ರ ಡಿಸೆಂಬರಿನಲ್ಲಿ ಅಲ್ಲೇ ವೆಲೆನ್ಸಿಯಾ ಬೀದಿಯ ಮೂಲೆಯಲ್ಲಿ ಜನ ಗೂಗಲ್ ನೌಕರರನ್ನು ಆಫೀಸಿಗೆ ಕರೆದೊಯ್ಯುವ ಬಸ್ಸನ್ನು ಅಡ್ಡಗಟ್ಟಿದರು. ಆ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ತೋರಿಸಿದ್ದು ಪಕ್ಕದ ಕಟ್ಟಡದ ಮೆಕ್ಸಿಕೋ ಅಜ್ಜಿ. ಒಂದು ಸಂಜೆ ಕಾಗದ ಹಿಡಿದು ಬಂದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮನೆ ಖಾಲಿ ಮಾಡಿ ಅಂತ ಲಾಯರ್ ನೋಟಿಸ್. ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಇಲ್ಲಿ 1979ಕ್ಕಿಂತ ಹಳೇ ಕಟ್ಟಡಗಳಲ್ಲಿ ಇರುವವರಿಗೆ ಬಾಡಿಗೆಯನ್ನು ವರ್ಷಕ್ಕೆ ಚೂರೇ ಏರಿಸಬಹುದು. ಖಾಲಿಯಾದರೆ ಹೊಸಬರಿಗೆ ಬಾಯಿಗೆ ಬಂದ ರೇಟು. ಹಾಗಾಗಿ ಹಳಬರು ಎದ್ದರೆ ಮಾಲೀಕರಿಗೆ ಲಾಭ. 1985ರ ಎಲ್ಲಿಸ್ ಕಾಯ್ದೆ ಅಂತ ಇನ್ನೊಂದಿದೆ. ಬಾಡಿಗೆ ವ್ಯವಹಾರವೇ ಬೇಡ ಅಂತ ಮಾಲೀಕರು ಇಡೀ ಕಟ್ಟಡ ಖಾಲಿ ಮಾಡಿಸಬಹುದು. 62 ದಾಟಿದವರಿಗೆ ಒಂದು ವರ್ಷ ಟೈಮು, ಅಷ್ಟೇ. ನಮ್ಮೂರಲ್ಲಾದರೆ ಹಿರಿಯರನ್ನು ಕೂರಿಸಿ, ಮಗಳ ಮದುವೆ ಮುಗಿಯಲಿ ಅಂತ ಹೇಳಿ ಇನ್ನೊಂದು ವರ್ಷ ತಳ್ಳುತ್ತೇವೆ, ಅಲ್ವಾ? ಅಜ್ಜಿ ಹೊಸ ಮಾಲೀಕರ ಮುಖವನ್ನೇ ನೋಡಿರಲಿಲ್ಲ.

ಕೊನೆಗೆ ದೂರದ ಸ್ಟಾಕ್ಟನ್ ಊರಿನಲ್ಲಿದ್ದ ಮಗನ ಮನೆಗೆ ಹೋದರು. ಇಲ್ಲಿ ಚರ್ಚು, ಡಾಕ್ಟರು, ಸಾಲ ಬರೆದಿಟ್ಟುಕೊಳ್ಳುವ ಬೇಕರಿ ಎಲ್ಲವೂ ನಡೆದು ಹೋಗುವಷ್ಟು ದೂರ. ಅಲ್ಲಿ ಹಾಲು ತರಲೂ ಮಗನ ಕಾರು ಕಾಯಬೇಕು. ಆ ಕಟ್ಟಡಕ್ಕೆ ಬೂದು ಬಣ್ಣ ಬಳಿದು ಮಹಡಿ ಮಹಡಿಯಾಗಿ ಮಾರಿದರು. ಕೊಂಡವರಲ್ಲಿ ಒಬ್ಬರು ಬೆಂಗಳೂರಿನವರು. ಒಳ್ಳೇ ಜನ. ಯುಗಾದಿಗೆ ಒಬ್ಬಟ್ಟು ಕಳಿಸುತ್ತಾರೆ, ನಾನೂ ತಿನ್ನುತ್ತೇನೆ. ಆದರೂ ಆ ಬಾಗಿಲ ಮುಂದೆ ನಿಂತು ಮಾತಾಡಲು ಈಗಲೂ ಇರುಸುಮುರುಸು.

ಮಿಷನ್‌ಗೆ ಬರಬೇಡ ಅನ್ನುವುದಿಲ್ಲ. ಸಹಿ ಹಾಕುವ ಮುಂಚೆ, ಹಿಂದೆ ಇದ್ದವರು ಯಾಕೆ ಬಿಟ್ಟರು ಅಂತ ಏಜೆಂಟನ್ನು ಕೇಳು. ಸುಮ್ನೆ ನಕ್ಕರೆ ಬಾಡಿಗೆ ವಿಷಯ ನೋಡಿಕೊಳ್ಳುವ ಸಿಟಿಯ ಕಚೇರಿ ರೆಂಟ್ ಬೋರ್ಡ್‌ಗೆ ಫೋನ್ ಮಾಡು, ನೋಟಿಸ್‌ಗಳ ದಾಖಲೆ ಅಲ್ಲಿರುತ್ತದೆ. ಹಳೇ ಕಟ್ಟಡವೇ ನಿನಗೂ ಲೇಸು, ಹೊಸದಕ್ಕೆ ಸಿಟಿಯ ಈ ಬಾಡಿಗೆ ಕಟ್ಟುಪಾಡು ಇಲ್ಲ. ಅವಸರ ಬೇಡ. ಮನೆ ಸಿಗುವವರೆಗೆ ನಮ್ಮಲ್ಲೇ ಇರು, ಬರುವಾಗ ಅಮ್ಮನ ಕೈಯಲ್ಲಿ ಹುಳಿಪುಡಿ ಮಾಡಿಸಿಕೊಂಡು ಬಾ.